ಮುಯ್ಯಾಳು ಬೇಕಾಗಿದ್ದಾರೆ

ನನ್ನ ಮೊಬೈಲಿನಲ್ಲಿ ‘ಅಮ್ಮ’ ಅಂತ ಹುಡುಕಿದರೆ ಈಗ ಹದಿನೇಳು ಹೆಸರು ಬರುತ್ತವೆ. ಹೆತ್ತಮ್ಮ ಒಬ್ಬಳೇ. ಉಳಿದವರು ಪುಟ್ಟಿ ಅಮ್ಮ, ಚಿಂಟು ಅಮ್ಮ, ಅವಳಿ ಅಮ್ಮ, ಲಿಫ್ಟ್ ಪಕ್ಕದ ಅಮ್ಮ. ನಿಜವಾದ ಹೆಸರು ಒಬ್ಬರದ್ದೂ ಗೊತ್ತಿಲ್ಲ. ಅವರಿಗೆ ನಾನು ಗುಂಡನ ಅಮ್ಮ.

ಹೆರಿಗೆ ರಜೆ 2017ರಿಂದ 26 ವಾರ. ಅದಕ್ಕೂ ಮೊದಲು ಇದ್ದದ್ದು ಬರೀ 12, ಹಾಗಾಗಿ ದೂರುವಂತಿಲ್ಲ. ಆದರೆ 27ನೇ ವಾರದ ಸೋಮವಾರ ಬೆಳಿಗ್ಗೆ ಕೂಸನ್ನು ಯಾರ ಕಂಕುಳಿಗೆ ವರ್ಗಾಯಿಸಬೇಕು ಅನ್ನುವುದನ್ನು ಕಾಯ್ದೆ ಬರೆದವರು ನಮಗೇ ಬಿಟ್ಟಿದ್ದಾರೆ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ಆಫೀಸಿಗೊಂದು ಶಿಶುಪಾಲನಾ ಕೇಂದ್ರ ಇರಬೇಕು ಅಂತ ಅದರಲ್ಲೇ ಇದೆ. ನಮ್ಮಲ್ಲಿ 38 ಜನ. ಇನ್ನು 12 ಮಂದಿ ಸೇರಲಿ ಅಂತ ಸಂದರ್ಶನಕ್ಕೆ ಬಂದವರಿಗೆಲ್ಲ ನಾನೇ ಕಾಫಿ ತಂದುಕೊಟ್ಟೆ.

ಟಿ. ನರಸೀಪುರದ ಹತ್ತಿರದ ನಮ್ಮೂರಿಂದ ಅಮ್ಮ ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಬಸ್ಸಲ್ಲಿ ಬಂದಳು. ಎರಡು ವಾರಕ್ಕೇ ವಾಪಸ್ ಹೊರಟಳು. “ಹಸು ಐತೆ, ನಿಮ್ಮಪ್ಪ ಅವ್ರೆ.” ಅನುಕ್ರಮ ಅವಳದ್ದೇ. “ನಿನ್ನ ಅಂಗನವಾಡಿಗೆ ಬಿಟ್ಟು ನಾನು ಗದ್ದೆಗೆ ಓಯ್ತಿರ್ಲಿಲ್ವಾ?” ಅಂತ ಬೇರೆ. ಅಂಗನವಾಡಿ ವಿಷಯದಲ್ಲಿ ನಮ್ಮ ತಾಲ್ಲೂಕಿನವರಿಗೆ ಸ್ವಲ್ಪ ಜಂಬ ಜಾಸ್ತಿ. 1975ರಲ್ಲಿ ಆ ಯೋಜನೆ ಪ್ರಯೋಗಕ್ಕೆಂದು ದೇಶದ 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಆರಿಸಿದ್ದು ನಮ್ಮ ತಾಲ್ಲೂಕನ್ನೇ. ಅತ್ತೆ ಬಂದರು, ಅವರಿಗೆ ಮಂಡಿನೋವು ಬಂತು, ಹೋದರು.

ಆಮೇಲೆ ಯಾದಗಿರಿ ಕಡೆಯ ಅಕ್ಕ ಸಂದರ್ಶನಕ್ಕೆ ಬಂದರು. ಸಂದರ್ಶನ ಮಾಡುವವಳು ನಾನು ಅಂದುಕೊಂಡಿದ್ದೆ. ಅವರು ಸೋಫಾ ಒತ್ತಿ ನೋಡಿ ಕೂತರು.

“ಕೂಸು ಒಂದೇ ಹೌದಲ್ರಿ?”

“ಒಂದೇ.”

“ಮತ್ತೊಂದು ಹಡಿಯೋ ವಿಚಾರ ಏನರ ಐತೇನ್ರಿ?”

ಅತ್ತೆಗೂ ಕೊಡದೆ ಉಳಿಸಿಕೊಂಡಿದ್ದ ಉತ್ತರವನ್ನು ಅಕ್ಕನಿಗೆ ಕೊಟ್ಟೆ. “ಇಲ್ಲಕ್ಕ, ಖಂಡಿತಾ ಇಲ್ಲ.” ನಾವು ಪಾಸಾದೆವು.

ಮೂರು ತಿಂಗಳು ಸ್ವರ್ಗ. ಸಂಕ್ರಾಂತಿ ಬಂತು. “ಮೈಲಾಪುರ ಜಾತ್ರಿ ಐತ್ರಿ, ಮೂರು ದಿನದಾಗ ಬಂದಬಿಡ್ತೀನಿ.” ಹತ್ತನೇ ದಿನ ಫೋನ್ ಮಾಡಿದರೆ ಹಿಂದೆ ಡೊಳ್ಳು ಕೇಳಿಸಿತು. ಇಪ್ಪತ್ತನೇ ದಿನ ಅದೂ ಇಲ್ಲ.

ಗುಂಡ ಡೇಕೇರ್ ಸೇರಿದ. ಸಂಜೆ ಆರೂವರೆಗೆ ಬಾಗಿಲು. ಮೇ ತಿಂಗಳ ಒಂದು ಮಳೆಸಂಜೆ ಆರು ಇಪ್ಪತ್ತಕ್ಕೆ ನನ್ನ ಕ್ಯಾಬು ಸಿಲ್ಕ್ ಬೋರ್ಡ್ ಹತ್ತಿರ ದೋಣಿಯ ಹಾಗೆ ನಿಂತಿತ್ತು, ಗಂಡ ಹೆಬ್ಬಾಳದಲ್ಲಿದ್ದರು. ಲಿಫ್ಟಿನಲ್ಲಿ ನಕ್ಕಷ್ಟೇ ಪರಿಚಯವಿದ್ದ ಪುಟ್ಟಿ ಅಮ್ಮನಿಗೆ ನಾಚಿಕೆ ಬಿಟ್ಟು ಫೋನ್ ಮಾಡಿದೆ. ಅವರೇನೋ ಕೊಡೆ ಹಿಡಿದು ಹೋದರು. ಡೇಕೇರಿನವರು, “ಮಗು ಕರೆದೊಯ್ಯುವವರ ಫೋಟೊ ಕಳಿಸಿ” ಅಂದರು. ನನ್ನಲ್ಲಿದ್ದದ್ದು ಗಣೇಶನ ಹಬ್ಬದ್ದೊಂದೇ. ಅದರಲ್ಲಿ ಅವರ ಮುಖದ ಅರ್ಧಕ್ಕೆ ಕಡುಬು ಅಡ್ಡ ಬಂದಿತ್ತು. “ಅರ್ಧ ಮುಖಕ್ಕೆಲ್ಲ ಮಗು ಕೊಡಲ್ಲ ಮೇಡಂ.” ಅವರು ಹೇಳಿದ್ದು ಸರಿಯೇ. ಕೊನೆಗೆ ವಿಡಿಯೊ ಕಾಲ್ ಮಾಡಿ, ಕ್ಯಾಬ್ ಡ್ರೈವರ್ ಸಾಕ್ಷಿಯಾಗಿ ಗುಂಡನನ್ನು ಬಿಡಿಸಿಕೊಂಡೆ.

ಒಂಬತ್ತಕ್ಕೆ ಮನೆ ಮುಟ್ಟಿದಾಗ ಅವನು ಅವರ ಮನೆಯಲ್ಲಿ ಪಪ್ಪು ಅನ್ನ ಉಂಡು ಮಲಗಿದ್ದ. ಅವರು ತೆಲುಗಿನವರು. ಆಮೇಲಾಮೇಲೆ ಗುಂಡ ಅಲ್ಲೇ ಹೆಚ್ಚು ಇರತೊಡಗಿ, ನನ್ನ ಸಾರನ್ನಕ್ಕೆ “ವದ್ದು”, ಅಂದರೆ ಬೇಡ, ಅನ್ನೋಕೆ ಕಲಿತ. ಊರಿಂದ ಬಂದ ಅಮ್ಮನಿಗೆ ಅದು “ಮದ್ದು” ಅಂತ ಕೇಳಿಸಿತು. ಪಾಪ, ಕೂಸೇ ಬಾಯಿಬಿಟ್ಟು ಕೇಳ್ತಾ ಐತೆ ಅಂತ ಓಂಕಾಳಿನ ನೀರು ಕಾಯಿಸಿ ಕುಡಿಸಿದಳು. ಅವನು “ವದ್ದು ವದ್ದು” ಅಂದಷ್ಟೂ ಇನ್ನೊಂದು ಚಮಚ.

ಈ ಋಣ ತೀರಿಸೋದು ಹೇಗೆ? ನಾಟಿ ಕಾಲದಲ್ಲಿ ನಮ್ಮಪ್ಪ ಮಾಡುತ್ತಿದ್ದ ಹಾಗೆ ಮುಯ್ಯಾಳು ಮಾಡಿಕೊಳ್ಳೋಣ ಅಂದೆ. ಇವತ್ತು ನಮ್ಮ ಗದ್ದೆಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾವು. ಪುಟ್ಟಿ ಅಮ್ಮ ಅದನ್ನು ಎಕ್ಸೆಲ್ ಶೀಟಿಗೆ ಹಾಕಿದರು. ನೆಗಡಿಯಾದ ಮಗುವಿಗೆ ಒಂದೂವರೆ ಲೆಕ್ಕ. ಅವಳಿ ಅಮ್ಮ ಮಾತ್ರ, “ನಂದು ಒಂದೇ ಹೆರಿಗೆ ತಾನೇ, ಒಂದೇ ಲೆಕ್ಕ ಹಾಕಿ” ಅಂತ ಪಟ್ಟು ಹಿಡಿದರು. ಗದ್ದೆ ನಾಟಿಯಲ್ಲಿ ಈ ತಕರಾರು ಇರಲಿಲ್ಲ.

ಜೂನ್ ಹೊತ್ತಿಗೆ ನನ್ನ ಸಾಲ ಹನ್ನೊಂದು ಗಂಟೆ. ಒಂದೇ ಶನಿವಾರ ತೀರಿಸಿಬಿಡೋಣ ಅಂತ ಪುಟ್ಟಿಯನ್ನೂ ಅವಳಿಗಳನ್ನೂ ಮನೆಗೆ ಕರೆಸಿದೆ. ಹತ್ತೂವರೆಗೆ ಅವಲಕ್ಕಿ ಫ್ಯಾನಿನ ಮೇಲಿತ್ತು. ಅವಳಿಗಳಲ್ಲಿ ಒಬ್ಬ ರಾಗಿಹಿಟ್ಟಿನ ಡಬ್ಬದಲ್ಲಿ ಕೂತಿದ್ದ. ಇನ್ನೊಬ್ಬ ಎಲ್ಲಿದ್ದಾನೆ ಅಂತ ಹುಡುಕಿ, ಸಿಕ್ಕವನು ಮೊದಲನೆಯವನೇ ಅಂತ ತಿಳಿದು ಮತ್ತೆ ಹುಡುಕುವಾಗ ಬೆಲ್ ಆಯಿತು.

ಬಾಗಿಲಲ್ಲಿ ಅಕ್ಕ. ಕೈಯಲ್ಲಿ ಜಾತ್ರೆಯ ಬೆಂಡು ಬತ್ತಾಸಿನ ಪೊಟ್ಟಣ. ಒಳಗೆ ಒಂದು ಹೆಜ್ಜೆ ಇಟ್ಟವರು ಹಾಗೇ ನಿಂತು, ಒಂದೊಂದೇ ತಲೆ ಎಣಿಸಿ, ನನ್ನ ಮುಖ ನೋಡಿದರು.

“ಐದ ತಿಂಗಳದಾಗ ಇಷ್ಟಾದುವೇನ್ರಿ ಮೇಡಂ?”