ಅಡಕತ್ತರಿ, ಟೋಕನ್ ನಂಬರ್ 47

ನಮ್ಮ ಬಡಾವಣೆಗೆ ಕನ್ನಡ ರಾಜ್ಯೋತ್ಸವ ನವೆಂಬರ್ ಒಂದಕ್ಕೆ ಬರುವುದಿಲ್ಲ. ಅವತ್ತು ಇಡೀ ಬೆಂಗಳೂರಿಗೇ ರಾಜ್ಯೋತ್ಸವ. ಆರ್ಕೆಸ್ಟ್ರಾದವರು ಸಿಗುವುದಿಲ್ಲ, ಶಾಮಿಯಾನದವನು ಫೋನ್ ಎತ್ತುವುದಿಲ್ಲ, ಉದ್ಘಾಟನೆಗೆ ಮಾಜಿಗಳು ಬಿಡುವಾಗಿರುವುದಿಲ್ಲ. ಹಾಗಾಗಿ 2025ರ ರಾಜ್ಯೋತ್ಸವವನ್ನು ನಾವು ನವೆಂಬರಿನ ಕೊನೆಯ ಶನಿವಾರಕ್ಕೆ ತಳ್ಳಿಕೊಂಡೆವು. ಪಕ್ಕದ ಬಡಾವಣೆಯವರು ಡಿಸೆಂಬರಿಗೆ ಹೋದರು. ಅವರ ಪಕ್ಕದವರು ಎಳ್ಳುಬೆಲ್ಲದ ಜೊತೆಗೇ ರಾಜ್ಯೋತ್ಸವವನ್ನೂ ಮುಗಿಸುವ ಅಂದಾಜಿನಲ್ಲಿದ್ದರು ಎಂದು ಸುದ್ದಿ.

ಮಾಜಿಗಳು ಎಂದೆನಲ್ಲ, ಅದಕ್ಕೊಂದು ಕಾರಣವಿದೆ. ಬೆಂಗಳೂರು ಪಾಲಿಕೆಯ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಆಮೇಲೆ ಒಂದಿದ್ದ ಪಾಲಿಕೆ ಐದಾಯಿತು, ಚುನಾವಣೆ ಮಾತ್ರ ಅಷ್ಟು ಹೊತ್ತಿಗೂ ಆಗಿರಲಿಲ್ಲ. ಐದು ವರ್ಷ ನಮ್ಮಲ್ಲಿ ಹಾಲಿ ಎಂಬ ಜಾತಿಯೇ ಇರಲಿಲ್ಲ, ಮಾಜಿಗಳಿದ್ದರು, ಭಾವಿಗಳಿದ್ದರು. ಫ್ಲೆಕ್ಸಿನಲ್ಲಿ ಇಬ್ಬರ ಮುಖವೂ ಒಂದೇ ಅಳತೆಗೆ ಇರಬೇಕು. ಹಾಗೆ ಮೂವತ್ತು ಮುಖ ಹಾಕಿದ ಮೇಲೆ ಉಳಿದ ಜಾಗದಲ್ಲಿ ಅಂಚೆಚೀಟಿ ಗಾತ್ರದಲ್ಲಿ ಗಾಯಕರನ್ನು ಕೂರಿಸಿದ್ದರು. ‘ಅದ್ದೂರಿ ರಸಮಂಜರಿ, ಉಚಿತ ಪ್ರವೇಶ, ಸರ್ವರಿಗೂ ಆದರದ ಸ್ವಾಗತ.’ ಅದರ ಕೆಳಗೆ ಆ ವರ್ಷ ಹೊಸದಾಗಿ ಒಂದು ಸಾಲು: ‘ನಿಮ್ಮ ಸುರಕ್ಷತೆಯೇ ನಮ್ಮ ಆದ್ಯತೆ.’ ಅಂದಹಾಗೆ, ಬೆಂಗಳೂರಿನಲ್ಲಿ ಫ್ಲೆಕ್ಸ್ ಕಟ್ಟುವುದೇ ನಿಷಿದ್ಧ. ಇದನ್ನು ಕಟ್ಟಿದ್ದು ಟ್ರಾನ್ಸ್‌ಫಾರ್ಮರ್ ಕಂಬಕ್ಕೆ.

ಈ ಸಾಲು ಎಲ್ಲಿಂದ ಬಂತೆಂದು ಯಾರಿಗೂ ಹೇಳಬೇಕಾಗಿಲ್ಲ. ಅದೇ ವರ್ಷ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜನ ಸತ್ತರು. ಆರ್‌ಸಿಬಿ 18ನೇ ಪ್ರಯತ್ನಕ್ಕೆ ಕಪ್ ಗೆದ್ದ ಮಾರನೇ ದಿನ ಕಪ್ ನೋಡಲು ಹೋದ ಮಕ್ಕಳು ಅವರು. ಆಮೇಲೆ ಜನಸಂದಣಿ ನಿಯಂತ್ರಣಕ್ಕೆಂದು ಮಸೂದೆಯೂ ಬಂತು. ನಗಿಸುವಂಥದ್ದು ಅದರಲ್ಲಿ ಏನೂ ಇಲ್ಲ. ನಗು ಬರುವುದು ಅದರಿಂದ ನಮ್ಮ ಸಂಘ ಕಲಿತ ಪಾಠದಲ್ಲಿ.

ಪಾಠ ಶುರುವಾದದ್ದು ಅರ್ಜಿಯಿಂದ. ‘ನಿರೀಕ್ಷಿತ ಜನಸಂಖ್ಯೆ’ ಎಂಬ ಕಾಲಮ್ಮಿನ ಮುಂದೆ ಕಾರ್ಯದರ್ಶಿಗಳು ಪೆನ್ನು ಹಿಡಿದು ಅರ್ಧ ಗಂಟೆ ಕೂತರು. ಬಿಟ್ಟಿ ಆರ್ಕೆಸ್ಟ್ರಾಗೆ ಎಷ್ಟು ಜನ ಬರುತ್ತಾರೆಂದು ಯಾರು ಹೇಳಬೇಕು? ಐನೂರು ಅಂತ ಹಾಕಿದರೆ ಇನ್ನೊಂದು ಫಾರಂ ತುಂಬಬೇಕಾಗುತ್ತದೆ ಎಂದು ಯಾರೋ ಹೆದರಿಸಿದರು. 499 ಎಂದು ಬರೆದು ಕಳಿಸಿದರು. ನಾಲ್ಕು ಕಚೇರಿಗಳ ನಾಲ್ಕು ಮೊಹರು ಬಿದ್ದು ವಾಪಸ್ ಬಂತು. ಮೈದಾನ ನೋಡಲು ನಾಲ್ಕರಲ್ಲಿ ಒಬ್ಬರೂ ಬರಲಿಲ್ಲ. ನಾವು 499 ಜನ ಎಂದು ಸರ್ಕಾರಿ ಕಾಗದದಲ್ಲಿ ಇತ್ಯರ್ಥವಾಗಿ ಹೋಯಿತು.

ನಮ್ಮ ಮೈದಾನಕ್ಕೆ ಗೋಡೆಯೇ ಇಲ್ಲ. ನಾಲ್ಕೂ ಕಡೆಯಿಂದ ಹುಡುಗರು ಬರುತ್ತಾರೆ, ದನ ಬರುತ್ತದೆ, ಸಂಜೆ ವಾಕಿಂಗಿನವರು ಬರುತ್ತಾರೆ. ಇದು ಅಪಾಯಕಾರಿ ಎಂದು ಸುರಕ್ಷತಾ ಸಮಿತಿಗೆ ಅನಿಸಿತು. ಶುಕ್ರವಾರ ರಾತ್ರಿ ಲಾರಿಯಲ್ಲಿ ಬ್ಯಾರಿಕೇಡುಗಳು ಬಂದವು. ಸುತ್ತಲೂ ನಿಲ್ಲಿಸಿ, ಒಂದಕ್ಕೊಂದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಮೂರು ಅಡಿಯ ಒಂದು ಬಾಗಿಲು ಬಿಟ್ಟರು. ಹೋಗುವುದಕ್ಕೂ ಬರುವುದಕ್ಕೂ ಅದೇ. ‘ತುರ್ತು ನಿರ್ಗಮನ’ ಎಂಬ ಬೋರ್ಡು ಕಡ್ಡಾಯವಂತೆ. ಅದನ್ನೂ ವೇದಿಕೆಯ ಎಡಕ್ಕೆ, ಬಿಗಿದ ಬ್ಯಾರಿಕೇಡಿನ ಮೇಲೆಯೇ ಅಂಟಿಸಿದರು. ಬೋರ್ಡಿನ ಆ ಕಡೆ ಜನರೇಟರ್, ಜನರೇಟರ್ ಪಕ್ಕ ಚುರುಮುರಿ ಗಾಡಿ.

ಎದುರು ಮನೆ ಮೇಷ್ಟ್ರು ನಿವೃತ್ತ ಭೌತಶಾಸ್ತ್ರದವರು, ಅವರಿಗೆ ತಡೆಯಲಿಲ್ಲ. “ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್ ನೋಡಿದ್ದೀರೇನ್ರಿ? ಎಂಟು ಮೂಲೆ, ಸುತ್ತಲೂ ಬಯಲು. ಯಾವ ಕಡೆಯಿಂದ ಬೇಕಾದ್ರೂ ಬನ್ನಿ, ಯಾವ ಕಡೆಗೆ ಬೇಕಾದ್ರೂ ಹೋಗಿ. ಅದಕ್ಕಿಂತ ಸೇಫ್ಟಿ ಉಂಟೇನ್ರಿ?” ಎಂದರು. ಕಾರ್ಯದರ್ಶಿಗಳು ವಿನಯದಿಂದಲೇ, “ಮೇಷ್ಟ್ರೇ, ಅದು ಬ್ರಿಟಿಷರ ಕಾಲದ್ದು. ಆಗ ಬ್ಯಾರಿಕೇಡ್ ಇರಲಿಲ್ಲ” ಎಂದರು.

ಶನಿವಾರ ಸಂಜೆ ಆರಕ್ಕೆ ನಾನು, ಮನೆಯಾಕೆ, ಕೆಳಗಿನ ಮನೆ ಅಜ್ಜಿ ಸಾಲಿನಲ್ಲಿ ನಿಂತೆವು. ಅಜ್ಜಿಗೆ ಎಂಬತ್ತರ ಮೇಲೆ. ತಲೆಗೆ ಉಲ್ಲನ್ ಟೋಪಿ, ಹೆಗಲಿಗೆ ಶಾಲು, ಸೊಂಟದಲ್ಲಿ ಎಲೆಅಡಿಕೆ ಚೀಲ. ಬಾಗಿಲಲ್ಲಿ ಲೋಹ ಪತ್ತೆಯ ಕಮಾನು ನಿಲ್ಲಿಸಿದ್ದರು. ಅದು ಪ್ರತಿಯೊಬ್ಬರಿಗೂ ಕೂಗುತ್ತಿತ್ತು. ಯಾರೂ ಬಾರದಿದ್ದಾಗಲೂ ಆಗಾಗ ಕೂಗುತ್ತಿತ್ತು. ಕಪ್ಪು ಟೀ ಶರ್ಟಿನ ಬೌನ್ಸರ್ ಹುಡುಗ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಅಜ್ಜಿಯ ಚೀಲ ತಡವಿದವನು ಬೆಚ್ಚಿಬಿದ್ದ.

“ಅಜ್ಜಿ, ಇದೇನಿದು?”

“ಅಡಕತ್ತರಿ ಕಣಪ್ಪಾ. ನೋಡಿಲ್ವಾ?”

ಹಿತ್ತಾಳೆಯದು. ಹಿಡಿ ಎರಡೂ ಗಿಳಿಯ ಕತ್ತಿನ ಹಾಗೆ ಬಾಗಿ, ಹೆಬ್ಬೆರಳು ತಾಗಿ ತಾಗಿ ಒಂದು ಕಡೆ ಸವೆದು ಬಂಗಾರದಂತಾಗಿತ್ತು. ಅಜ್ಜಿಗೆ ಮದುವೆಯಲ್ಲಿ ಅತ್ತೆ ಕೊಟ್ಟದ್ದಂತೆ. ಹುಡುಗ ಅದನ್ನು ಎರಡು ಬೆರಳಲ್ಲಿ ಬಾಲ ಹಿಡಿದ ಇಲಿಯ ಹಾಗೆ ಎತ್ತಿ ನೋಡಿ, “ಹರಿತವಾದ ಆಯುಧ, ಒಳಗೆ ಬಿಡಂಗಿಲ್ಲ” ಎಂದ. ಅಜ್ಜಿ ಒಂದು ಕ್ಷಣ ಅವನ ಮುಖ ನೋಡಿ, “ಆಯ್ತು, ಅಡಿಕೆ ನೀನೇ ಹೋಳು ಮಾಡಿಕೊಡ್ತೀಯೇನಪ್ಪಾ?” ಎಂದರು. ಅವನು ಉತ್ತರವಾಗಿ ಒಂದು ಟೋಕನ್ ಕೊಟ್ಟ. ದೇವಸ್ಥಾನದಿಂದ ಎರವಲು ತಂದ ಪುಸ್ತಕದ್ದು. ‘ಪಾದರಕ್ಷೆ, ನಂ. 47’ ಎಂದಿತ್ತು.

ನಮ್ಮ ನೀರಿನ ಬಾಟಲಿಯೂ ಹೋಯಿತು. ಬಾಟಲಿ ಎಸೆದರೆ ಅಪಾಯವಂತೆ. ಒಳಗೆ ನೀರಿದೆಯಾ ಎಂದು ಮನೆಯಾಕೆ ಕೇಳಿದಳು. ಇದೆ, ವಿಐಪಿ ಸೋಫಾದ ಮುಂದೆ, ಟೀಪಾಯಿಯ ಮೇಲೆ, ಬಾಟಲಿಯಲ್ಲೇ ಇದೆ.

ಒಳಗೆ ಸುರಕ್ಷತೆ ಎಲ್ಲಿ ನೋಡಿದರೂ ಇತ್ತು. ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಶಾಮಿಯಾನದ ಹಗ್ಗಕ್ಕೆ ಭಾರವಾಗಿ ಕಟ್ಟಿದ್ದರು. ಮರಳಿನ ಬಕೆಟ್ ನಾಲ್ಕಿದ್ದವು. ಅವುಗಳಲ್ಲಿ ಎರಡಕ್ಕೆ ಆಗಲೇ ಎಲೆಅಡಿಕೆ ಉಗಿದು ಕೆಂಪಗೆ ಮಾಡಿದ್ದರು, ಮೂರನೆಯದರಲ್ಲಿ ಅಗರಬತ್ತಿ ಚುಚ್ಚಿತ್ತು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ವೇದಿಕೆಯ ಮೇಲೆಯೇ, ಭುವನೇಶ್ವರಿಯ ಫೋಟೋ ಪಕ್ಕದಲ್ಲಿ. ಅದಕ್ಕೂ ಒಂದು ಹಾರ, ಒಂದು ಬೀಗ. ಬೀಗದ ಕೈ ಖಜಾಂಚಿಗಳ ಹತ್ತಿರವಿತ್ತು, ಖಜಾಂಚಿಗಳು ಶಬರಿಮಲೆಯಲ್ಲಿದ್ದರು. ಆಂಬುಲೆನ್ಸ್ ಕೂಡ ಬಂದಿತ್ತು. ಮಾಜಿ, ಭಾವಿಗಳ ಕಾರುಗಳಿಗೆ ಜಾಗ ಬೇಕಾಗಿ ಅದನ್ನು ಮೂರನೇ ಅಡ್ಡರಸ್ತೆಯ ಕೊನೆಗೆ ಕಳಿಸಿದ್ದರು.

ಕಾರ್ಯಕ್ರಮ ನಾಡಗೀತೆಯಿಂದ ಶುರುವಾಯಿತು. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕೆಂದು 2022ರಲ್ಲಿ ಸರ್ಕಾರವೇ ತೀರ್ಮಾನಿಸಿದೆ. ಮುಗಿಸಿದರು. ಇಡೀ ಸಂಜೆಯಲ್ಲಿ ಹೇಳಿದ ಹೊತ್ತಿಗೆ ಮುಗಿದದ್ದು ಅದೊಂದೇ. ಹಾಡಿಗೆ ಮಿತಿ ಹಾಕಿದ ಸರ್ಕಾರ ಭಾಷಣಕ್ಕೂ ಎರಡೂವರೆ ನಿಮಿಷ ಎಂದಿದ್ದರೆ ಕನ್ನಡ ಈಗಿನದಕ್ಕಿಂತ ದುಪ್ಪಟ್ಟು ಬೆಳೆದಿರುತ್ತಿತ್ತು ಎಂದು ನನ್ನ ಖಾಸಗಿ ನಂಬಿಕೆ.

ಮೊದಲ ಭಾಷಣ ಸುರಕ್ಷತೆಯ ಕುರಿತು. ಎರಡನೆಯದು ಸುರಕ್ಷತೆಯ ಕುರಿತು ಮಾತಾಡಿದವರ ಕುರಿತು. ಆಮೇಲೆ ಸನ್ಮಾನ: ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಬ್ಯಾರಿಕೇಡ್ ಬಾಡಿಗೆಗೆ ಕೊಟ್ಟವರಿಗೆ ‘ಸುರಕ್ಷಾ ರತ್ನ’. ಒಬ್ಬೊಬ್ಬರಿಗೆ ಪೇಟ ಇಡುವಾಗಲೂ ಫೋಟೋದಲ್ಲಿ ಬೀಳಲು ನಲವತ್ತು ಜನ ವೇದಿಕೆ ಹತ್ತಿದರು. ವೇದಿಕೆ ಒಮ್ಮೆ ಕಿರ್ರೆಂದಿತು. ಮೈದಾನದ ಜನಸಂದಣಿ ನೋಡಿಕೊಳ್ಳಲು ಇಪ್ಪತ್ತು ಬೌನ್ಸರುಗಳಿದ್ದರು. ವೇದಿಕೆಯ ಮೇಲಿನದಕ್ಕೆ ಯಾರೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಒಂದು ಮಗು, “ಅಪ್ಪಾ, ಹಾಡು ಯಾವಾಗ?” ಎಂದು ಕೇಳಿತು. ಅಪ್ಪ ಅದಕ್ಕೆ ಚುರುಮುರಿ ಕೊಡಿಸಲು ಹೊರಗೆ ಹೋಗಲು ನೋಡಿದ. ಹೊರಗೆ ಹೋದವರನ್ನು ಮತ್ತೆ ಒಳಗೆ ಬಿಡುವುದಿಲ್ಲ ಎಂದರು, ಸುರಕ್ಷತೆ. ಗಾಡಿಯವನು ಬ್ಯಾರಿಕೇಡಿನ ಸಂದಿಯಿಂದಲೇ ಪೊಟ್ಟಣ ದಾಟಿಸಿದ.

ಗಾಯಕರ ಕೈಗೆ ಮೈಕ್ ಬಂದಾಗ ಎಂಟೂ ಮುಕ್ಕಾಲು. ಅವರು ಒಂದು ಹಳೆಯ ಯುಗಳಗೀತೆ ಎತ್ತಿಕೊಂಡರು. ಜೂನಿಯರ್ ರಾಜ್‌ಕುಮಾರ್ ಬಂದು ಕೈಮುಗಿದಾಗ ಹೆಂಗಸರ ಸಾಲಿನಿಂದ ಶಿಳ್ಳೆ ಬಿತ್ತು. ಅಜ್ಜಿ ತೊಡೆಯ ಮೇಲೆ ತಾಳ ಹಾಕತೊಡಗಿದರು. ಅಷ್ಟರಲ್ಲಿ ಡೆಸಿಬಲ್ ಸಮಿತಿ ಎದ್ದಿತು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಸಮಿತಿಯ ಯುವಕ ಮೊಬೈಲಿನ ಆ್ಯಪ್ ಎತ್ತಿ ಹಿಡಿದು ವೇದಿಕೆಯತ್ತ ಕೈಬೀಸಿದ. ಧ್ವನಿ ಇಳಿಯಿತು. ಇನ್ನೂ ಇಳಿಯಿತು. ಮನುಷ್ಯರು ಎದುರುಬದುರು ಕೂತು ಮಾಮೂಲಿಯಾಗಿ ಮಾತಾಡಿದರೇ 60 ಡೆಸಿಬಲ್ ಹತ್ತಿರ ಬರುತ್ತದೆ ಎಂದು ಮೇಷ್ಟ್ರು ಅವನಿಗೆ ತಿಳಿಹೇಳಲು ಹೋದರು. ಆ್ಯಪ್ 72 ತೋರಿಸಿತು. ಮೇಷ್ಟ್ರಿಗೂ ಸ್ವಲ್ಪ ಮೆಲ್ಲಗೆ ಮಾತಾಡಲು ಹೇಳಿದರು. ಭಾಷಣಗಳ ಹೊತ್ತಿನಲ್ಲಿ ಆ್ಯಪ್ ಚಾರ್ಜಿಗೆ ಹಾಕಿತ್ತಂತೆ. ಅಂತೂ ಮುಂದಿನ ಮೂರು ಹಾಡನ್ನು ನಾವು ತುಟಿ ನೋಡಿ ಗುರುತಿಸಿದೆವು.

ಒಂಬತ್ತೂ ಇಪ್ಪತ್ತಕ್ಕೆ ಮಳೆ ಬಂತು. ಬಂಗಾಳ ಕೊಲ್ಲಿಯಲ್ಲಿ ಯಾರೋ ಸೀನಿದರೂ ನವೆಂಬರಿನ ಬೆಂಗಳೂರಿಗೆ ನೆಗಡಿ. ದಪ್ಪ ಹನಿ ನಾಲ್ಕು ಬಿದ್ದದ್ದೇ, ಜನ ಎದ್ದರು. 499 ಅಲ್ಲ; ಎರಡು ಸಾವಿರಕ್ಕೆ ಕಡಿಮೆ ಇರಲಾರದು. ಎಲ್ಲರೂ ತಿರುಗಿದ್ದು ಆ ಮೂರು ಅಡಿಯ ಬಾಗಿಲ ಕಡೆಗೆ.

ಇಲ್ಲಿ ನನ್ನ ನಗು ನಿಂತಿತು. ಕಾಲ್ತುಳಿತ ಎಂದು ನಾವು ಬರೆಯುತ್ತೇವೆ, ಆದರೆ ಬಹುಪಾಲು ಜನ ಸಾಯುವುದು ತುಳಿತಕ್ಕೆ ಸಿಕ್ಕಿ ಅಲ್ಲ, ನಿಂತಲ್ಲೇ. ಒಂದು ಚದರ ಮೀಟರಿನಲ್ಲಿ ಆರೇಳು ಜನ ಆದ ಮೇಲೆ ಯಾರೂ ತಮ್ಮ ಕಾಲಿನಿಂದ ನಡೆಯುವುದಿಲ್ಲ. ಗುಂಪು ಅಲೆಯಾಗುತ್ತದೆ, ಎದೆ ಹಿಗ್ಗಲು ಜಾಗ ಸಿಗದೆ ಉಸಿರು ಕಟ್ಟುತ್ತದೆ. ಹಿಂದಿನವರಿಗೆ ಮುಂದಿನವರ ಸ್ಥಿತಿ ಗೊತ್ತಾಗುವುದೂ ಇಲ್ಲ. ಬಾಗಿಲ ಹತ್ತಿರ ಯಾರದೋ ಮಗು ಕಿರುಚಿತು. ನನ್ನ ಮೊಣಕೈ ನನ್ನ ಪಕ್ಕೆಗೇ ಅಂಟಿಕೊಂಡಿತ್ತು, ಎತ್ತಲಾಗಲಿಲ್ಲ. ಮೈಕಿನಲ್ಲಿ ಕಾರ್ಯದರ್ಶಿಗಳು, “ದಯವಿಟ್ಟು ಶಾಂತವಾಗಿ ತುರ್ತು ನಿರ್ಗಮನ ದ್ವಾರ ಬಳಸಿ” ಎನ್ನುತ್ತಿದ್ದರು.

ಬಳಸಲು ಹೋದ ಹತ್ತಾರು ಜನ ಪ್ಲಾಸ್ಟಿಕ್ ಪಟ್ಟಿಯನ್ನು ಕೈಯಲ್ಲಿ ಎಳೆದರು, ಹಲ್ಲಲ್ಲಿ ಕಚ್ಚಿದರು. ಕತ್ತರಿಸಲು ಯಾರ ಹತ್ತಿರವೂ ಏನೂ ಇಲ್ಲ. ಇರುವುದು ಹೇಗೆ, ಎಲ್ಲವನ್ನೂ ಬಾಗಿಲಲ್ಲೇ ಕಿತ್ತುಕೊಂಡಿದ್ದರಲ್ಲ. ವಿಐಪಿ ಸಾಲಿನ ಹಣ್ಣಿನ ಬುಟ್ಟಿಯಲ್ಲೂ ಚಾಕು ಇರಲಿಲ್ಲ, ಅದನ್ನೂ ಮೊದಲೇ ತೆಗೆಸಿದ್ದರು.

ಅಜ್ಜಿ ಕುರ್ಚಿ ಬಿಟ್ಟು ಎದ್ದಿರಲೇ ಇಲ್ಲ. ಶಾಲನ್ನು ತಲೆಗೆ ಎಳೆದುಕೊಂಡು, ಅರವತ್ತು ವರ್ಷ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಗದರಿದ ಗಂಟಲಲ್ಲಿ, “ಏ ಕರಿ ಅಂಗಿಯವನೇ! ನನ್ನ ಅಡಕತ್ತರಿ ಎಲ್ಲೋ?” ಎಂದರು. ಆ ಕೂಗಿಗೆ ಎಷ್ಟು ಡೆಸಿಬಲ್ ಎಂದು ಯಾರೂ ಅಳೆಯಲಿಲ್ಲ. ಬೌನ್ಸರ್ ಹುಡುಗ ಬ್ಯಾರಿಕೇಡಿನ ಹೊರಗಡೆಯಿಂದ ಓಡಿದ. ಅವನ ಕೈಯಲ್ಲಿ ಹಿತ್ತಾಳೆ ಮಿಂಚಿದ್ದು ನನಗೆ ಕಾಣಿಸಿತು. ಕಟ್, ಕಟ್, ಕಟ್. ಅಡಿಕೆಗಿಂತ ಸುಲಭವಾಗಿ ಪಟ್ಟಿಗಳು ಹೋದವು. ಚುರುಮುರಿಯವನು ಗಾಡಿ ಪಕ್ಕಕ್ಕೆ ಎಳೆದ. ನಾಲ್ಕು ಬ್ಯಾರಿಕೇಡ್ ಮಲಗಿದವು, ಮೈದಾನ ಹಳೆಯ ಮೈದಾನವಾಯಿತು, ಐದು ನಿಮಿಷದಲ್ಲಿ ಒಳಗೆ ಯಾರೂ ಇರಲಿಲ್ಲ. ಬಾಗಿಲ ಬಳಿ ಜೋಡಿ ತಪ್ಪಿದ ಚಪ್ಪಲಿಗಳು, ಒಂದು ಮಗುವಿನ ಕೆಂಪು ಹಳದಿ ಬಾವುಟ. ಮಳೆಯೂ ನಿಂತಿತ್ತು.

ಮಾರನೇ ಬೆಳಿಗ್ಗೆ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಂದೇಶ ಬಂತು: ‘ಸಮಿತಿಯ ಮುಂದಾಲೋಚನೆಯಿಂದ ಕಾರ್ಯಕ್ರಮ ಯಾವುದೇ ಅಹಿತಕರ ಘಟನೆಯಿಲ್ಲದೆ ಯಶಸ್ವಿ.’ ಕೆಳಗೆ ನಲವತ್ತು ಕೈಮುಗಿದ ಚಿತ್ರಗಳು.

ಅಜ್ಜಿ ಟೋಕನ್ ಹಿಡಿದುಕೊಂಡು ಸಂಘದ ಕಚೇರಿಗೆ ಹೋದರು. ಮಳೆಯಲ್ಲಿ ನೆನೆದು, ಸುಣ್ಣ ಮೆತ್ತಿಕೊಂಡು 47 ಎಂಬುದು 4 ಮಾತ್ರ ಆಗಿತ್ತು. ಕಾರ್ಯದರ್ಶಿಗಳು ಎದ್ದು ನಿಂತು ಕುರ್ಚಿ ಕೊಟ್ಟರು, ಕಾಫಿ ತರಿಸಿದರು. “ಅಜ್ಜಿ, ನಿಮ್ಮ ಅಡಕತ್ತರಿ ಈಗ ಸಂಘದ ತುರ್ತು ಸಲಕರಣೆಗಳ ಪಟ್ಟಿಗೆ ಸೇರಿದೆ. ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟು ಬೀಗ ಹಾಕಿದ್ದೀವಿ” ಎಂದರು. ಬೀಗ ಒತ್ತಿದರೆ ಬೀಳುವಂಥದ್ದು; ತೆಗೆಯಲು ಬೀಗದ ಕೈ ಬೇಕು. ಹಾಗಾದರೆ ಮೊದಲು ಪೆಟ್ಟಿಗೆ ತೆಗೆದದ್ದು ಹೇಗೆ ಎಂದು ಅಜ್ಜಿ ಕೇಳಿದರು. ಅದೇ ಅಡಕತ್ತರಿಯಿಂದ ಮೀಟಿ ತೆಗೆದರಂತೆ.

ಖಜಾಂಚಿಗಳು ಶಬರಿಮಲೆಯಿಂದ ಇನ್ನೂ ಬಂದಿಲ್ಲ. ಹಾಗೆಯೇ ರಾಮೇಶ್ವರಕ್ಕೆ ಹೋದರು ಎನ್ನುತ್ತಾರೆ. ಅಲ್ಲಿಯವರೆಗೆ ಅಜ್ಜಿ ಅಟ್ಟದಿಂದ ಕಬ್ಬಿಣದ ಕುಟ್ಟಾಣಿ ಇಳಿಸಿಕೊಂಡು ದಿನಾ ಬೆಳಗಿನ ಜಾವ ಐದಕ್ಕೆ ಅಡಿಕೆ ಕುಟ್ಟುತ್ತಿದ್ದಾರೆ. ಅವರ ಗೋಡೆಯ ಆ ಕಡೆ ಇರುವುದು ಕಾರ್ಯದರ್ಶಿಗಳ ಮಲಗುವ ಕೋಣೆ. 45 ಡೆಸಿಬಲ್ಲಿನ ಮೇಲೆಯೇ ಇದೆ ಎಂದು ಮೇಷ್ಟ್ರ ಅಂದಾಜು.