ಬಾ ಅನ್ನುವ ಮೊದಲೇ ಬಂದದ್ದು

ನಾನೊಂದು ಹಾಡು ಬರೆದಿದ್ದೇನೆ. ಅದರ ಮೊದಲ ಪದ 'ಬಾ'. ಎರಡನೇ ಪದಕ್ಕೆ ಹೋಗಲು ನನಗೆ ನಾಲ್ಕು ರಾತ್ರಿ ಹಿಡಿಯಿತು.

ಇದಕ್ಕೆಲ್ಲ ಕಾರಣ ರಿವರ್ಸ್ ರಿವರ್ಬ್ ಎಂಬ ಹುಚ್ಚು. ಖಾಲಿ ಸಭಾಂಗಣದಲ್ಲಿ ಚಪ್ಪಾಳೆ ತಟ್ಟಿದರೆ ಆಮೇಲೂ ಕೊಂಚ ಹೊತ್ತು ಗುಂಯ್ ಅಂತ ಸದ್ದು ಉಳಿಯುತ್ತದಲ್ಲ, ಅದು ರಿವರ್ಬ್. ರಿವರ್ಸ್ ರಿವರ್ಬ್‌ನಲ್ಲಿ ಗುಂಯ್ ಮೊದಲು, ಚಪ್ಪಾಳೆ ಆಮೇಲೆ. ರಾಜ ಸಭೆಗೆ ಬರುವ ಮುಂಚೆ ಬಹುಪರಾಕ್ ಕೇಳಿಸಿದ ಹಾಗೆ. ಹಾಡುವವನು ಬಾಯಿ ತೆರೆಯುವ ಮೊದಲೇ ಅವನ ದನಿ ಎಲ್ಲಿಂದಲೋ ಉಬ್ಬಿಕೊಂಡು ಬರುತ್ತದೆ. ಕೇಳಿದರೆ ಮೈ ಜುಂ ಅನ್ನುತ್ತದೆ. ನನ್ನ 'ಬಾ'ಗೂ ಇಂಥದ್ದೊಂದು ಮರ್ಯಾದೆ ಬೇಕು ಅನ್ನಿಸಿತು.

ಮಾಡುವ ವಿಧಾನವೇನೋ ಸುಲಭ. ಕಂಪ್ಯೂಟರಿನಲ್ಲಿ ದನಿಯನ್ನು ಹಿಂದುಮುಂದು ಮಾಡು. ಅದಕ್ಕೆ ರಿವರ್ಬ್ ಹಾಕು. ಮತ್ತೆ ಹಿಂದುಮುಂದು ಮಾಡು. ಊಟದ ಹೊತ್ತಿಗೆ ಮುಗಿದುಹೋಗುತ್ತೆ ಅಂದುಕೊಂಡು ಬಾಗಿಲು ಹಾಕಿಕೊಂಡೆ. ಫ್ಯಾನೂ ಆರಿಸಿದೆ. ಹಾಕಿದರೆ ಮೈಕಿಗೆ ಕೇಳುತ್ತದೆ, ಆರಿಸಿದರೆ ನನಗೆ ಬೆವರು. ಬಟ್ಟೆಯ ಕಪಾಟಿನ ಬಾಗಿಲು ತೆಗೆದು, ಅದರೊಳಗೆ ತಲೆ ತೂರಿಸಿ, ಇಸ್ತ್ರಿ ಮಾಡಿದ ಅಂಗಿಗಳಿಗೆ ಪ್ರೀತಿಯಿಂದ 'ಬಾ' ಅಂದೆ.

ದನಿಯನ್ನು ತಿರುಗಿಸಿದೆ. 'ಆಬ್' ಅಂತ ಕೇಳಿಸಿತು. ಟ್ರ್ಯಾಕಿನ ಮೇಲೆ, ಅಂದರೆ ದನಿ ಕೂತ ಸಾಲಿನ ಮೇಲೆ, ರಿವರ್ಬ್ ಹಾಕಿದೆ. 'ಆಬ್' ಗುಂಯ್. ಮತ್ತೆ ತಿರುಗಿಸಿದೆ. 'ಬಾ' ಗುಂಯ್! ಗುಂಯ್ ಇನ್ನೂ ಹಿಂದೆಯೇ ಇದೆ. ಮತ್ತೆ ತಿರುಗಿಸಿದೆ, ಮತ್ತೆ ಹಾಕಿದೆ. ಹನ್ನೊಂದು ಸಲ ಆದ ಮೇಲೆ ತಲೆಗೆ ಹೊಳೆಯಿತು. ಟ್ರ್ಯಾಕಿನ ಮೇಲೆ ಹಾಕಿದ ರಿವರ್ಬ್ ದನಿಗೆ ಅಂಟಿಕೊಂಡಿರುವುದಿಲ್ಲ. ಹಾಡು ಓಡುವಾಗ ಆಗಿಂದಾಗ್ಗೆ ಹುಟ್ಟುತ್ತದೆ. ದನಿಯನ್ನು ಎಷ್ಟು ಸಲ ತಿರುಗಿಸಿದರೂ ಅದು ಬಾಲದ ಹಾಗೆ ಹಿಂದೆಯೇ. ಮೊದಲು ಅದನ್ನು ರೆಂಡರ್ ಮಾಡಿ ದನಿಯ ಜೊತೆ ಒಂದೇ ಫೈಲ್ ಮಾಡಬೇಕು, ಆಮೇಲೆ ತಿರುಗಿಸಬೇಕು. ಊಟ ಆರಿ ತಣ್ಣಗಾಗಿತ್ತು.

ಎರಡನೇ ರಾತ್ರಿ ರೆಂಡರ್ ಮಾಡಿದೆ. ತಿರುಗಿಸಿದೆ. ಗುಂಯ್ ಮುಂದೆ ಬಂತು ನಿಜ, ಆದರೆ ಮೆಲ್ಲಗೆ ಉಬ್ಬುವ ಬದಲು ಯಾರೋ ಬಾಗಿಲು ಒದ್ದು ಒಳಗೆ ನುಗ್ಗಿದ ಹಾಗೆ ಬಂತು. ಪದ ಮುಗಿದ ಕೂಡಲೇ ಫೈಲನ್ನು ಕತ್ತರಿಸಿದ್ದೆ. ಗುಂಯ್ ಸಾಯುವುದಕ್ಕೂ ಜಾಗ ಕೊಟ್ಟಿರಲಿಲ್ಲ. ರೆಂಡರ್ ಮಾಡುವ ಮೊದಲು ಕೊನೆಯಲ್ಲಿ ಮೂರು ನಾಲ್ಕು ಸೆಕೆಂಡ್ ಸುಮ್ನೆ ಖಾಲಿ ಬಿಡಬೇಕಿತ್ತು. ಬಿಟ್ಟೆ. ಈಗ ಚೆನ್ನಾಗಿ ಉಬ್ಬಿತು, ಉಬ್ಬಿತು, ಆಮೇಲೆ ಒಂದು ಸಣ್ಣ ಮೌನ, ಆಮೇಲೆ 'ಬಾ'. ಹೇಳೋದಾ ಬೇಡವಾ ಅಂತ ಯೋಚಿಸಿ ಹೇಳಿದ ಹಾಗಿತ್ತು. ಇದು ಪ್ರೀಡಿಲೇಯ ಕಿತಾಪತಿ. ಪದ ಹೇಳಿದ ಎಷ್ಟು ಹೊತ್ತಿಗೆ ರಿವರ್ಬ್ ಶುರುವಾಗಬೇಕು ಅನ್ನುವ ಗುಂಡಿ ಅದು, ನನ್ನದರಲ್ಲಿ 80 ಮಿಲಿಸೆಕೆಂಡಿಗೆ ಕೂತಿತ್ತು. ತಿರುಗಿಸಿದ ಮೇಲೆ ಆ 80 ಮಿಲಿಸೆಕೆಂಡ್ ಪದದ ಮುಂದೆ ಹೊಂಡವಾಗಿ ಬಂದು ಕೂತಿದೆ. ಸೊನ್ನೆಗೆ ಇಳಿಸಿದೆ, ಹೊಂಡ ಮುಚ್ಚಿತು.

ಆದರೆ ಹೆಡ್‌ಫೋನಿನಲ್ಲಿ ಕೇಳಿದಾಗ ಇನ್ನೊಂದು ಗೊತ್ತಾಯಿತು. 'ಬಾ' ಅನ್ನುವ ಮುಂಚೆ ನನ್ನ ಕುರ್ಚಿ ಕಿರ್ ಅಂದಿತ್ತು. ಆ ಕಿರ್‌ಗೂ ಬಹುಪರಾಕ್! ದೂರದಿಂದ ಗಂಭೀರವಾಗಿ ಏನೋ ಏರಿ ಏರಿ ಬಂದು, ಕೊನೆಗೆ ಕಿರ್.

ಇದನ್ನೆಲ್ಲ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಟೇಪಿನಲ್ಲೇ ಮಾಡುತ್ತಿದ್ದರು. ರೀಲನ್ನು ತಿರುವಿ ಹಾಕಿ, ಖಾಲಿ ಟ್ರ್ಯಾಕಿಗೆ ಎಕೋ ರೆಕಾರ್ಡ್ ಮಾಡಿ, ಮತ್ತೆ ತಿರುವಿ ಹಾಕುವುದು. 1968ರಲ್ಲಿ ಲೆಡ್ ಝೆಪೆಲಿನ್ ಎಂಬ ರಾಕ್ ಬ್ಯಾಂಡ್ ಮೊದಲ ಆಲ್ಬಂ ಮಾಡುವಾಗ ಅದರ ಗಿಟಾರಿಸ್ಟ್ ಜಿಮ್ಮಿ ಪೇಜ್ ಇದನ್ನು ಕೇಳಿದ್ದಕ್ಕೆ ಎಂಜಿನಿಯರ್ 'ಆಗಲ್ಲ' ಅಂದರಂತೆ. ಪೇಜ್ ಹಟ ಹಿಡಿದು ಮಾಡಿಸಿದರಂತೆ. ಪುಣ್ಯವಂತ. ನನಗೆ 'ಆಗಲ್ಲ' ಅನ್ನಲೂ ಒಬ್ಬ ಎಂಜಿನಿಯರ್ ಇರಲಿಲ್ಲ.

ಇದ್ದದ್ದು ಎಂಟು ವರ್ಷದ ಮಗಳು. ಮೂರನೇ ರಾತ್ರಿ ಬಂದು ಕೂತಳು. ಹಿಂದುಮುಂದು ಮಾಡುವ ಯಂತ್ರ ಅಂತ ತಿಳಿದ ಕೂಡಲೇ, "ಕಿಟಕಿ ಹಾಕಪ್ಪಾ, ಅದು ಹೇಗೆ ಓದಿದ್ರೂ ಕಿಟಕಿನೇ" ಅಂದಳು. ಅವಳೇ ಮೈಕಿಗೆ 'ಕಿಟಕಿ' ಅಂದಳು. ತಿರುಗಿಸಿದೆ. 'ಇಕಟಿಕ್' ಅಂತ ಬಂತು. "ನಿನ್ನ ಕಂಪ್ಯೂಟರ್ ಕೆಟ್ಟಿದೆ" ಅಂದಳು. 'ಕನಕ' ಹಾಕಿದೆವು, 'ಅಕನಕ್' ಆಯಿತು. 'ನಮನ' ಹಾಕಿದೆವು, 'ಅನಮನ್'. ಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಸದ್ದು ಮಾತ್ರ ಗೊತ್ತು, ಹಾಗಾಗಿ ಕಡೆಯ ಸ್ವರ ಮೊದಲು ಬರುತ್ತೆ ಅಂತ ಬಿಡಿಸಿ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಅಡುಗೆಮನೆಗೆ ಓಡಿಹೋಗಿ "ಅಪ್ಪನ ಕಂಪ್ಯೂಟರ್‌ಗೆ ಕಿಟಕಿ ಬರಲ್ಲ" ಅಂತ ಸಾರಿ ಬಂದಳು. ಆ ರಾತ್ರಿ ಹಾಡು ಒಂದಿಂಚೂ ಮುಂದೆ ಹೋಗಲಿಲ್ಲ. ನಿಜ ಹೇಳಬೇಕೆಂದರೆ ನಾಲ್ಕು ರಾತ್ರಿಗಳಲ್ಲಿ ಚೆನ್ನಾಗಿದ್ದದ್ದು ಅದೊಂದೇ.

ನಾಲ್ಕನೇ ರಾತ್ರಿ ಹೊಸ ತೊಂದರೆ. ಹಾಡು ಶುರುವಾಗುವುದೇ 'ಬಾ'ಯಿಂದ, ಅಂದರೆ ಸೊನ್ನೆ ಸೆಕೆಂಡಿನಲ್ಲಿ. ಅದಕ್ಕೂ ಮೊದಲು ಗುಂಯ್ ಬರಬೇಕೆಂದರೆ ಸೊನ್ನೆಗಿಂತ ಹಿಂದೆ ಜಾಗ ಎಲ್ಲಿದೆ? ಹಾಡು 80 ಬಿಪಿಎಂ, ನಿಮಿಷಕ್ಕೆ 80 ಬೀಟ್, ಅಂದರೆ ಒಂದು ಬೀಟ್ ಮುಕ್ಕಾಲು ಸೆಕೆಂಡ್. ನಾಲ್ಕು ಬೀಟಿಗೆ ಮೂರು ಸೆಕೆಂಡ್. ಎಲ್ಲವನ್ನೂ ಮೂರು ಸೆಕೆಂಡ್ ಬಲಕ್ಕೆ ಸರಿಸಿದೆ. ಗಿಟಾರ್ ಒಂದನ್ನು ಬಿಟ್ಟು. ಅದು ಗೊತ್ತಾಗಲು ನಲವತ್ತು ನಿಮಿಷ ಬೇಕಾಯಿತು. ಹಾಡು ಅಷ್ಟು ಕೆಟ್ಟದಾಗಿತ್ತೋ ಅಥವಾ ಗಿಟಾರ್ ಹೇಗಿದ್ದರೂ ನಡೆಯುತ್ತಿತ್ತೋ, ನಾನು ಆ ಕಡೆ ಜಾಸ್ತಿ ಯೋಚಿಸಲಿಲ್ಲ.

ಕೊನೆಗೊಂದು ಸಲ ಹೊಸದಾಗಿ ಹಾಡಿಬಿಡೋಣ ಅಂತ ಕಪಾಟಿಗೆ ತಲೆ ಹಾಕಿದೆ. 'ಬಾ' ಅಂದೆ. ಉಸಿರು ಬಿಗಿ ಹಿಡಿದು ನಿಂತೆ. ಅಷ್ಟರಲ್ಲಿ ಬಾಗಿಲು ತೆರೆದು ಮಗಳು, "ಅಪ್ಪಾ, ಊಟಕ್ಕೆ ಬಾ!"

ಪೂರ್ತಿ ಅಳಿಸಲು ಬೇಜಾರಾಗಿ 'ಅಪ್ಪಾ, ಊಟಕ್ಕೆ' ಅಷ್ಟನ್ನು ಮಾತ್ರ ಮೌನ ಮಾಡಿ, ಉಳಿದ ತುಂಡನ್ನು ತಿರುಗಿಸಿ, ರಿವರ್ಬ್ ಹಾಕಿ, ರೆಂಡರ್ ಮಾಡಿ, ಮತ್ತೆ ತಿರುಗಿಸಿದೆ. ನನ್ನ 'ಬಾ' ಎಂದಿನಂತೆ ಬಂತು. ಮೈಕಿಗೆ ಬಾಯಿ ತಾಗಿಸಿ ಹಾಡಿದ್ದರಿಂದ ಅದರ ತುಂಬ ಮಂದ್ರದ ಗೊರಗೊರ, ಗುಂಯ್ ಪೂರ್ತಿ ಕೆಸರು. ಅದಾದ ಮೇಲೆ ಬಾಗಿಲ ಹತ್ತಿರದಿಂದ ತೆಳ್ಳಗೆ ಒಂದು ಬೆಳಕಿನಂಥ ಸದ್ದು ಶುರುವಾಗಿ, ಹರಡಿ, ದೊಡ್ಡದಾಗಿ, ಕೋಣೆ ತುಂಬಿ, ಒಂದೇ ಬಿಂದುವಿಗೆ ಬಂದು ಒಡೆಯಿತು. 'ಬಾ!' ನಾಲ್ಕು ರಾತ್ರಿಯಿಂದ ನಾನು ಹುಡುಕುತ್ತಿದ್ದದ್ದು ಅದೇ.

ನನ್ನ 'ಬಾ' ಕತ್ತರಿಸಿದೆ. ಉಳಿದದ್ದನ್ನು ಹಾಡಿನ ಮೊದಲಿಗೆ ಅಂಟಿಸಿದೆ. ಅವಳಿಗೆ ಕೇಳಿಸಿದೆ. ಕಣ್ಣರಳಿಸಿ ಕೇಳಿದಳು. ಅವಳ 'ಬಾ' ಮುಗಿದು ನನ್ನ ದನಿಯಲ್ಲಿ ಎರಡನೇ ಪದ ಶುರುವಾದ ಕೂಡಲೇ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, "ಚೆನ್ನಾಗಿದೆ. ಇಲ್ಲಿಗೇ ನಿಲ್ಲಿಸು" ಅಂದಳು.