ಸತ್ಯಾಂಶ: ಸಾಲಿನ ಕೊನೆಯ ತೋಳ ನಾಯಕನೇ?

ಹಿಮದಲ್ಲಿ ಸಾಲಾಗಿ ಹೋಗುವ ತೋಳಗಳ ಫೋಟೋ ನಿಮಗೂ ಬಂದಿರಬಹುದು. ಮುಂದಿರುವ ಮೂರು ಮುದಿ ತೋಳಗಳು, ಎಲ್ಲರನ್ನೂ ಕಾಯುತ್ತಾ ಕೊನೆಯಲ್ಲಿ ಬರುವುದೇ ನಾಯಕ ಅಂತ ಅದರ ಕೆಳಗೆ ಬರೆದಿರುತ್ತಾರೆ. ಜೊತೆಗೆ ನಾಯಕತ್ವದ ಪಾಠ ಬೇರೆ!

ಕಥೆ ಚೆನ್ನಾಗಿದೆ, ಆದರೆ ಸುಮ್ನೆ ಕಟ್ಟಿದ್ದು. ಅದು ಕೆನಡಾದಲ್ಲಿ, ಬಿಬಿಸಿಯ 2011ರ 'ಫ್ರೋಜನ್ ಪ್ಲಾನೆಟ್' ಸರಣಿಗಾಗಿ ಚಿತ್ರೀಕರಣ ನಡೆದಾಗ ತೆಗೆದ ಫೋಟೋ. ಮುಂದಿರುವುದು ಗುಂಪನ್ನು ನಡೆಸುವ ಹೆಣ್ಣು ತೋಳ. ಅದು ಆಳವಾದ ಹಿಮ ತುಳಿದು ದಾರಿ ಮಾಡುತ್ತದೆ. ಉಳಿದವು ಅದೇ ಜಾಡು ಹಿಡಿದು ಶಕ್ತಿ ಉಳಿಸಿಕೊಳ್ಳುತ್ತವೆ.

ತೋಳಗಳಲ್ಲಿ ಕಾದಾಡಿ ಗೆದ್ದವನೇ 'ಆಲ್ಫಾ', ಅಂದರೆ ಗುಂಪಿನ ನಾಯಕ ಅಂತಾರಲ್ವಾ? ಆ ಕಲ್ಪನೆ ಹುಟ್ಟಿದ್ದು ಕೂಡಿಹಾಕಿದ ತೋಳಗಳನ್ನು ನೋಡಿ. ಅದನ್ನು ಜನಪ್ರಿಯ ಮಾಡಿದ್ದು ತೋಳಗಳ ಸಂಶೋಧಕ ಡೇವಿಡ್ ಮೀಚ್ ಅವರ 1970ರ ಪುಸ್ತಕ. 1999ರಲ್ಲಿ ಅವರೇ ತಿದ್ದಿ ಬರೆದರು: ಕಾಡಿನ ತೋಳಗುಂಪು ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳಿರುವ ಒಂದು ಕುಟುಂಬ.